ಸಿಹಿ ಸತ್ತ ನಾಲಿಗೆ

"ಉಗೀಬೇಡ, ಅಗಿ," ಎಂದಳು ಎಲೆಯಜ್ಜಿ.

ಅಗಿದೆ. ಹಸಿ ಹುಲ್ಲನ್ನೂ ತುಕ್ಕು ಹಿಡಿದ ಮೊಳೆಯನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡಂತಿತ್ತು. ಹೊಟ್ಟೆಯಲ್ಲಿದ್ದ ಮಧ್ಯಾಹ್ನದ ಊಟ ಗಂಟಲ ತನಕ ಬಂದು, ಇಲ್ಲಿ ನನಗೇನು ಕೆಲಸ ಎಂಬಂತೆ ವಾಪಸ್ ಹೋಯಿತು.

"ನುಂಗಬೇಡ. ನಾಲಿಗೆ ಮೇಲೆಲ್ಲ ಆಡಿಸು. ಹಾಂ, ಈಗ ಉಗಿ. ಈಗ ಸಕ್ಕರೆ ಹಾಕ್ಕೋ."

ಪೇದೆ ಕ್ಯಾಂಟೀನಿನಿಂದ ತಂದಿದ್ದ ಸಕ್ಕರೆ ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಏನೂ ಇಲ್ಲ. ಇನ್ನೊಂದು ಚಿಟಿಕೆ ಹಾಕಿಕೊಂಡೆ. ಹಲ್ಲಿಗೆ ಕರಕರ ಎಂದಿತೇ ಹೊರತು ಸಿಹಿ ಎಂಬುದರ ಸುಳಿವೇ ಇಲ್ಲ. ಮರಳು ತಿಂದ ಹಾಗಾಯಿತು.

"ಸತ್ತೋಯ್ತಾ ಸಿಹಿ?"

"ಸತ್ತೋಯ್ತು ಅಜ್ಜಿ."

"ಅರ್ಧ ಗಂಟೆ ಹಾಗೇ ಇರತ್ತೆ, ಹೆದರ್ಬೇಡ. ಇದೇ ಎಲೆ ತಾಯಿ ನಾನು ಈ ಸಂಸ್ಥೆಯೋರಿಗೆ ಕೊಟ್ಟಿದ್ದು. ಬೇರೆ ಏನೂ ಬೆರೆಸಿಲ್ಲ. ನಂಬಿದ್ರೆ ನಂಬು, ಬಿಟ್ರೆ ಬಿಡು."

ನಂಬಿದೆ. ಏಕೆಂದರೆ ಒಂದು ಗಂಟೆ ಮುಂಚೆ, ಯಾರೂ ಇಲ್ಲದ ಹೊತ್ತು ನೋಡಿ, ಸತ್ತ ಮೇಷ್ಟ್ರ ಬಾಟಲಿಯಿಂದ ಒಂದು ಕ್ಯಾಪ್ಸೂಲ್ ತೆಗೆದು ಬಿಚ್ಚಿ, ಅದರ ಪುಡಿಯನ್ನೂ ನಾಲಿಗೆಗೆ ಹಚ್ಚಿ ನೋಡಿದ್ದೆ. ತನಿಖೆ ಮಾಡುವವರು ಸಾಕ್ಷ್ಯವನ್ನು ನೆಕ್ಕಬಾರದು ಎಂದು ಯಾವ ನಿಯಮದಲ್ಲೂ ಬರೆದಿಲ್ಲ. ಬರೆಯಬೇಕಾದೀತು ಎಂದು ಯಾರಿಗೂ ಹೊಳೆದಿರಲಿಕ್ಕಿಲ್ಲ. ಆ ಪುಡಿಯ ಮೇಲೆ ಹಾಕಿಕೊಂಡ ಸಕ್ಕರೆ ಸಕ್ಕರೆಯಾಗಿಯೇ ಇತ್ತು.

ಅಂದರೆ ಎಲೆಯ ಕ್ಯಾಪ್ಸೂಲಿನಲ್ಲಿ ಎಲೆಯೇ ಇರಲಿಲ್ಲ.

ಸೋಮವಾರ ಮಧ್ಯಾಹ್ನ ನಿವೃತ್ತ ಮೇಷ್ಟ್ರೊಬ್ಬರು ಮನೆ ಬಾಗಿಲಲ್ಲೇ ಬೆವೆತು ಬಿದ್ದು, ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿದು ಸತ್ತಿದ್ದರು. ಮಧುನಾಶಿನಿ ಎಲೆಯಿಂದ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆಯೇ ಎಂದು ಈ ಸಂಶೋಧನಾ ಸಂಸ್ಥೆ ನಲವತ್ತು ರೋಗಿಗಳ ಮೇಲೆ ಪರೀಕ್ಷೆ ಮಾಡುತ್ತಿತ್ತು, ಮೇಷ್ಟ್ರು ಅವರಲ್ಲೊಬ್ಬರು. ಇವತ್ತು, ಗುರುವಾರ ಬೆಳಿಗ್ಗೆ, ರಕ್ತದ ವರದಿ ಬಂತು. ಔಷಧದಂಗಡಿಯಲ್ಲಿ ಸಿಗುವ ಸಕ್ಕರೆ ಇಳಿಸುವ ಮಾಮೂಲಿ ಮಾತ್ರೆ ಅವರ ರಕ್ತದಲ್ಲಿತ್ತು, ಅದೂ ಬೇಕಾದ್ದಕ್ಕಿಂತ ಮೂರು ಪಟ್ಟು. ಯಾವ ಡಾಕ್ಟರೂ ಅವರಿಗೆ ಆ ಮಾತ್ರೆ ಬರೆದುಕೊಟ್ಟಿರಲಿಲ್ಲ.

ಎಲೆ ತಂದುಕೊಡುವವಳು ಈ ಮುದುಕಿ, ಎಲೆ ಗೆದ್ದರೆ ಲಾಭ ಇವಳಿಗೆ, ಆದ್ದರಿಂದ ಎಲೆಗೆ ಮಾತ್ರೆಯ ಪುಡಿ ಬೆರೆಸಿದ್ದೂ ಇವಳೇ ಎಂದು ಸಂಸ್ಥೆಯ ಪ್ರೊಫೆಸರ್ ದೂರು ಬರೆದು ಕೊಟ್ಟಿದ್ದರು. ನಮ್ಮ ಸಾಹೇಬರಿಗೆ ಆ ಕಥೆ ಬಹಳ ಹಿಡಿಸಿತ್ತು. ಐದು ಗಂಟೆಗೆ ವ್ಯಾನ್ ಬರುತ್ತದೆ, ಮುದುಕಿಯನ್ನು ಹತ್ತಿಸು ಎಂದಿದ್ದರು. ಗೋಡೆ ಗಡಿಯಾರದಲ್ಲಿ ಆಗ ಮೂರೂವರೆ. ಎಪ್ಪತ್ತು ದಾಟಿದ ಹೆಂಗಸು, ಉಗುರಿನ ಸಂದಿಯಲ್ಲೆಲ್ಲ ಹಸಿರು, ಪಡಸಾಲೆಯ ಬೆಂಚಿನ ತುದಿಯಲ್ಲಿ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಜೈಲಿಗೆ ಹೋದರೆ ಹಿಂದಿರುಗಿ ಬರುವ ವಯಸ್ಸಲ್ಲ ಅದು.

ನಾನು ಸಾಹೇಬರಿಗೆ ಹೇಳದ ವಿಷಯವೂ ಒಂದಿತ್ತು. ಆ ನಲವತ್ತು ಜನರಲ್ಲಿ ನನ್ನ ಸ್ವಂತ ಅಕ್ಕನೂ ಒಬ್ಬಳು. ಕೇಸು ಕೈಗೆ ಬಂದ ದಿನ ತುಂಬುವ ನಮೂನೆಯಲ್ಲಿ ಒಂದು ಕಾಲಂ ಇದೆ: ಪ್ರಕರಣದಲ್ಲಿ ತನಿಖಾಧಿಕಾರಿಯ ಸಂಬಂಧಿಕರು ಯಾರಾದರೂ ಇದ್ದಾರೆಯೇ? ಇಪ್ಪತ್ತೆರಡು ವರ್ಷದಿಂದ ಅದರ ಮುಂದೆ ಕಣ್ಣು ಮುಚ್ಚಿಕೊಂಡು 'ಇಲ್ಲ' ಎಂದು ಬರೆದು ಕೈಗೆ ರೂಢಿಯಾಗಿದೆ. ಮಂಗಳವಾರವೂ ಹಾಗೇ ಬರೆದೆ. ಬರೆದ ಮೇಲೆ ನೆನಪಾಯಿತು. ನೆನಪಾದ ಮೇಲೂ, ಇವತ್ತು ಈ ದೂರು ಬಂದ ಮೇಲೂ ತಿದ್ದಲಿಲ್ಲ. ತಿದ್ದಿದರೆ ಕೇಸು ಬೇರೆಯವರ ಕೈಗೆ ಹೋಗುತ್ತದೆ, ಅವರು ಅರ್ಧ ದಿನದಲ್ಲಿ ಮುದುಕಿಯನ್ನು ಒಳಗೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ವರದಿ ಬಂದ ಕೂಡಲೇ ಉಳಿದ ಮೂವತ್ತೊಂಬತ್ತು ಮನೆಗೂ ಫೋನ್ ಮಾಡಿಸಿದ್ದೆ. ನುಂಗಬೇಡಿ, ಬಾಟಲಿ ಹಾಗೇ ಇಡಿ, ಪೇದೆ ಬಂದು ಎಣಿಸಿ ತೆಗೆದುಕೊಂಡು ಹೋಗುತ್ತಾರೆ. ಅಕ್ಕನಿಗೆ ನಾನೇ ಮಾಡಿದೆ. "ಆಯ್ತು ಬಿಡೇ" ಎಂದಷ್ಟೇ ಹೇಳಿ ಇಟ್ಟಳು. ಮೇಷ್ಟ್ರು ಹೋದಾಗಿನಿಂದ ಅವಳು ಸರಿಯಾಗಿ ಮಾತಾಡಿಲ್ಲ. ಇಬ್ಬರೂ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಜೊತೆಗೆ ನಡೆಯುತ್ತಿದ್ದವರು.

"ಎಲೆ ಇಲ್ಲ ಅಂದ್ರೆ ಏನು ತುಂಬಿದಾರೆ ತಾಯಿ ಅದ್ರೊಳಗೆ?" ಎಂದು ಕೇಳಿದಳು ಅಜ್ಜಿ.

"ಅದನ್ನೇ ಹುಡುಕ್ತೀನಿ. ನೀವು ಇಲ್ಲೇ ಕೂತಿರಿ."

ಇಲಿ ಕೋಣೆಯ ಬಾಗಿಲು ತೆಗೆದಾಗ ಮೂಗು ತಾನಾಗಿಯೇ ಮುಚ್ಚಿಕೊಂಡಿತು. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳು ಕುಡಿದದ್ದೇ ಕುಡಿಯುತ್ತವೆ, ಉಚ್ಚೆ ಹೊಯ್ದದ್ದೇ ಹೊಯ್ಯುತ್ತವೆ. ಪಂಜರದ ತಳಕ್ಕೆ ಹಾಸಿದ ಹೊಟ್ಟೆಲ್ಲ ನೆಂದು ಮುದ್ದೆಯಾಗಿತ್ತು. ಆ ವಾಸನೆಯಲ್ಲಿ ಕೊಳೆತ ಹಣ್ಣಿನ ಸಿಹಿಯೂ ಬೆರೆತಿತ್ತು. ಅದೇ ಹೆಚ್ಚು ಅಸಹ್ಯ. ಒಂದು ಇಲಿಯ ತಲೆಗೆ ಹಳದಿ ಬಣ್ಣ, ಇನ್ನೊಂದರ ಬೆನ್ನಿಗೆ, ಮತ್ತೊಂದರ ಬಾಲಕ್ಕೆ. ಗುರುತು ಹಿಡಿಯಲು ಹಚ್ಚಿದ್ದು.

ಅವುಗಳನ್ನು ನೋಡಿಕೊಳ್ಳುವವನನ್ನು ಎಲ್ಲರೂ ಇಲಿಯಣ್ಣ ಎನ್ನುತ್ತಾರೆ. ಅವನು ಒಂದು ಕೈಯಲ್ಲಿ ಪಂಜರ ಉಜ್ಜುತ್ತ ಇನ್ನೊಂದು ಕೈಯಲ್ಲಿ ಬನ್ ತಿನ್ನುತ್ತಿದ್ದ. ನಾನು ಗೋಡೆ ನೋಡಿಕೊಂಡು ಮಾತಾಡಿದೆ.

"ಎಲೆ ಇವುಗಳ ಮೇಲೆ ಕೆಲಸ ಮಾಡ್ತಾ?"

"ಮಾಡ್ತು ಮೇಡಂ. ಸುಳ್ಳು ಯಾಕೆ ಹೇಳ್ಲಿ? ಅಜ್ಜಿ ಮೊದಲ್ನೇ ಮೂಟೆ ಒಂಬತ್ತು ದಿನ ನೆರಳಲ್ಲಿ ಒಣಗಿಸಿ ತಂದುಕೊಟ್ಟಿದ್ರು. ಇಲಿಗಳ ಸಕ್ಕರೆ ಇಳೀತು. ಪ್ರೊಫೆಸರ್ ಕುಣಿದಾಡಿಬಿಟ್ರು."

"ಆಮೇಲೆ?"

"ಆಮೇಲೆ ಮನುಷ್ಯರಿಗೆ ಕೊಡೋಕೆ ಮೂಟೆಗಟ್ಟಲೆ ಬೇಕಾಯ್ತಲ್ಲ. ಒಣಗಿಸೋಕೆ ಟೈಮಿಲ್ಲ, ಹಸೀದೇ ತಗೊಂಬಾ ಅಂದ್ರು. ಅಜ್ಜಿ ಬಡ್ಕೊಂಡ್ರು, ಹಸಿ ಎಲೆ ಕಟ್ಟಿಡಬೇಡಿ ಅಂತ. ಕೇಳೋರು ಯಾರು? ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ ಬಾಯಿ ಬಿಗಿದು ಉಗ್ರಾಣಕ್ಕೆ ಹಾಕಿಸಿದ್ರು."

ಉಗ್ರಾಣ ಪಕ್ಕದಲ್ಲೇ ಇತ್ತು. ಮೂಲೆಯಲ್ಲಿ ಹದಿನಾಲ್ಕು ಚೀಲ, ಮೇಲೆ ಟಾರ್ಪಾಲು. ಒಂದರ ದಾರ ಬಿಚ್ಚಿದ್ದೇ ತಡ, ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಒಳಗೆ ಎಲೆ ಎಂಬುದೇ ಇರಲಿಲ್ಲ. ಕಪ್ಪು ಲೋಳೆ, ಅದರ ಮೇಲೆ ಬಿಳಿ ಬೂಷ್ಟು, ಬೂಷ್ಟಿನ ಮೇಲೆ ಹುಳು. ಕೆಳಗಿನ ಚೀಲ ಕೊರೆದು ಯಾವುದೋ ಹೆಗ್ಗಣ ಮರಿ ಹಾಕಿತ್ತು. ಅಜ್ಜಿ ಬೆಟ್ಟ ಗುಡ್ಡ ಹತ್ತಿ ಕೈಯಾರೆ ಬಿಡಿಸಿ ತಂದ ಎಲೆ ಅದು. ನನಗೆ ಹೊಟ್ಟೆ ಉರಿಯಿತು.

ಹಾಗಾದರೆ ಕ್ಯಾಪ್ಸೂಲಿಗೆ ಹೋದ ಹಸಿರು ಪುಡಿ ಯಾವುದು?

ಬಾಗಿಲ ಹಿಂದೆ ಇನ್ನೂ ಮೂರು ಚೀಲ ಇದ್ದವು. ಒಣ, ಚೊಕ್ಕ, ಮೇಲೆ ಮೊಲದ ಚಿತ್ರ. ನುಣ್ಣಗೆ ಪುಡಿ ಮಾಡಿದ ಒಣಹುಲ್ಲು.

"ಇಲಿಯಣ್ಣ, ನಿಮ್ಮಲ್ಲಿ ಮೊಲ ಎಷ್ಟಿವೆ?"

"ಮೊಲ ಎಲ್ಲಿ ಮೇಡಂ? ಹೋದ ವರ್ಷವೇ ಎಲ್ಲ ಸತ್ತೋದ್ವು. ಪಂಜರ ಖಾಲಿ."

"ಮೇವು ಯಾಕೆ ಬರ್ತಿದೆ ಮತ್ತೆ?"

ಅವನು ಬನ್ನಿನ ಕೊನೇ ತುಂಡು ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡಿದ. "ಅದೇ ನಾನೂ ಅಂದ್ಕೋತಿದ್ದೆ. ಕೇಳೋಕೆ ಹೋಗ್ಲಿಲ್ಲ. ನಮಗ್ಯಾಕೆ ಬೇಕು?"

ನಮಗ್ಯಾಕೆ ಬೇಕು. ಈ ಕಟ್ಟಡದಲ್ಲಿ ಇಲಿ ಉಚ್ಚೆಗಿಂತ ಹೆಚ್ಚು ನಾರುತ್ತಿದ್ದದ್ದು ಈ ಮಾತು. ಮೊಲದ ಮೇವನ್ನು ಒಂದು ಹಿಡಿ ಕಾಗದಕ್ಕೆ ಹಾಕಿ ಮಡಚಿಕೊಂಡು ಮಹಡಿ ಹತ್ತಿದೆ.

ಪ್ರೊಫೆಸರರ ಕೋಣೆಯಲ್ಲಿ ಎಲ್ಲವೂ ಫಳಫಳ. ಗೋಡೆಯ ಮೇಲೆ ನಲವತ್ತು ರೋಗಿಗಳ ಹಾಳೆ, ಒಂದೊಂದರಲ್ಲೂ ವಾರ ವಾರದ ಸಕ್ಕರೆಯ ಗೆರೆ. ಅವರು ಎದ್ದು ಬಂದು ಕೈ ಕುಲುಕಿದರು. ಕೈ ಒದ್ದೆಯಾಗಿತ್ತು. ನನ್ನ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದನ್ನು ಅವರು ನೋಡಿದರು, ನಾನೂ ಮುಚ್ಚಿಡಲಿಲ್ಲ.

"ಪಾಪ, ಆ ಮುದುಕಿ ಮೇಲೆ ನನಗೇನೂ ಸಿಟ್ಟಿಲ್ಲ ಮೇಡಂ. ಓದು ಬರಹ ಇಲ್ದೋರು. ಎಲೆ ಚೆನ್ನಾಗಿ ಕೆಲಸ ಮಾಡ್ಲಿ ಅಂತ ಆಸೆಗೆ ಬಿದ್ದು ಮಾತ್ರೆ ಪುಡಿ ಬೆರೆಸಿಬಿಟ್ಟಿದಾರೆ. ಟೀ ತಗೊಳ್ಳಿ."

ಟೀ ಮೇಲೆ ಕೆನೆ ಸುಕ್ಕುಗಟ್ಟಿತ್ತು. ಲೋಟವನ್ನು ದೂರ ಸರಿಸಿದೆ.

"ಕ್ಯಾಪ್ಸೂಲಲ್ಲಿ ಅಜ್ಜಿ ಕೊಟ್ಟ ಎಲೆ ಇದೆ. ಅದು ಖಂಡಿತ ತಾನೇ?"

"ನೂರಕ್ಕೆ ನೂರು. ನನ್ನ ಕಣ್ಣೆದುರೇ ಪುಡಿ ಮಾಡಿಸಿ ತುಂಬಿಸಿದ್ದು."

"ಹಾಗಾದ್ರೆ ಒಂದು ಸಹಾಯ ಮಾಡಿ ಸರ್. ಈ ಎಲೆ ನಾಲಿಗೆಗೆ ತಾಗಿದ್ರೆ ಸಿಹಿ ಗೊತ್ತಾಗಲ್ವಂತೆ. ನನ್ನ ನಾಲಿಗೆ ಈಗ ಪರೀಕ್ಷೆಗೆ ಲಾಯಕ್ಕಿಲ್ಲ. ನೀವೇ ನೋಡಿ ಹೇಳಿ."

ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟೆ. ಮೇಷ್ಟ್ರ ಬಾಟಲಿಯನ್ನು ಜೇಬಿನಿಂದ ತೆಗೆದು ಅದರ ಪಕ್ಕಕ್ಕಿಟ್ಟೆ. ಎರಡಕ್ಕೂ ಸಂಬಂಧ ಇದೆ ಎಂದು ನಾನು ಹೇಳಲಿಲ್ಲ. ಪಕ್ಕಕ್ಕಿಟ್ಟೆ, ಅಷ್ಟೇ.

ಅವರು ಒಂದು ಕ್ಷಣ ಹಿಂಜರಿದರು. ಆಮೇಲೆ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು ದೊಡ್ಡ ಮನುಷ್ಯರ ಗತ್ತಿನಲ್ಲಿ ಅಗಿದರು. ಟೀ ತಟ್ಟೆಯಲ್ಲಿದ್ದ ಸಕ್ಕರೆ ಚಮಚ ಎತ್ತಿ ಕೊಟ್ಟೆ. ಬಾಯಿಗೆ ಹಾಕಿಕೊಂಡರು. ಗಂಟಲ ಗಂಟು ಮೇಲೆ ಕೆಳಗೆ ಆಡಿತು. ಬಾಯಲ್ಲಿ ನೀರೂರಿದ್ದು ತುಟಿಯ ಮೂಲೆಯಲ್ಲಿ ಕಂಡಿತು.

"ಊಂಹೂಂ," ಎಂದು ತಲೆಯಾಡಿಸಿದರು. "ಏನೂ ಗೊತ್ತಾಗ್ತಿಲ್ಲ. ಮರಳು ತಿಂದ ಹಾಗಿದೆ. ನೋಡಿದ್ರಾ? ಎಲೆ ಇದೆ ಅಂತ ನೀವೇ ಸಾಬೀತು ಮಾಡಿದ್ರಿ."

"ಸರ್, ಅದು ಮೊಲದ ಮೇವು."

ಅವರ ದವಡೆ ನಿಂತಿತು.

"ಕೆಳಗೆ ಉಗ್ರಾಣದಿಂದ ಈಗ ತಂದೆ. ಇಲಿ ಕೋಣೆ ಪಕ್ಕ, ಹೆಗ್ಗಣ ಮರಿ ಹಾಕಿದೆಯಲ್ಲ, ಅಲ್ಲಿಂದ."

ಅವರು ಮೂಲೆಯ ತೊಟ್ಟಿಗೆ ಓಡಿದರು. ಓಕರಿಸಿದ್ದು, ಉಗಿದದ್ದು, ಬಾಯಿ ಮುಕ್ಕಳಿಸಿದ್ದು ಎಲ್ಲ ಕೇಳುತ್ತಾ ಕೂತೆ. ನನಗೆ ಕನಿಕರ ಬರಲಿಲ್ಲ. ಎರಡು ತಿಂಗಳಿಂದ ನಲವತ್ತು ಜನ ಅದನ್ನೇ ಭಕ್ತಿಯಿಂದ ನುಂಗಿದ್ದಾರೆ, ಅದರಲ್ಲಿ ನನ್ನಕ್ಕನೂ ಒಬ್ಬಳು ಎಂಬುದು ನೆನಪಾಗಿ ಹಲ್ಲು ಕಚ್ಚಿಕೊಂಡೆ. ಇಲ್ಲಿಂದ ಮುಂದೆ ಈ ಮನುಷ್ಯನಿಗೆ ಬಹುವಚನ ಕೊಡಲು ನನಗೆ ಮನಸ್ಸು ಬರುವುದಿಲ್ಲ.

"ಸಿಹಿ ಗೊತ್ತಾಯ್ತಲ್ವಾ? ಆದ್ರೂ ಇಲ್ಲ ಅಂದ್ರಿ. ಯಾಕೆ?"

ಅವನು ಟವೆಲಿನಿಂದ ಬಾಯಿ ಒರೆಸಿಕೊಂಡು ಕುರ್ಚಿಯಲ್ಲಿ ಕುಸಿದ. ಮುಖದ ನೀರಿಳಿದಿತ್ತು. ಆದರೆ ಬಾಯಿ ಬಿಟ್ಟಾಗ ಬಂದದ್ದು ನಾಚಿಕೆ ಅಲ್ಲ, ವಾದ.

"ಕೊಳೆತ ಎಲೆ ಕೊಡೋಕಾಗತ್ತಾ ಮೇಡಂ? ಅದು ವಿಷ ಅಲ್ವಾ? ಮೇವು ಎಷ್ಟೋ ವಾಸಿ, ನಿರಪಾಯ. ಎಲೆ ಕೆಲಸ ಮಾಡತ್ತೆ ಅನ್ನೋದಂತೂ ನಿಜ, ಇಲಿ ಮೇಲೆ ತೋರಿಸಿದ್ದೀನಿ. ಮುಂದಿನ ಕಾಲಕ್ಕೆ ಒಳ್ಳೆ ಎಲೆ ಬರೋವರೆಗೆ ಗೆರೆ ಇಳೀತಾ ಇರ್ಬೇಕಿತ್ತು. ಇಲ್ದಿದ್ರೆ ಯೋಜನೆನೇ ನಿಂತೋಗ್ತಿತ್ತು. ಅದಕ್ಕೇ ಒಂದೊಂದು ಕ್ಯಾಪ್ಸೂಲಿಗೆ ಅರ್ಧ ಮಾತ್ರೆ ಬೆರೆಸ್ದೆ. ಅರ್ಧ ಅಷ್ಟೇ! ಬೆಳಿಗ್ಗೆ ಒಂದು, ಸಂಜೆ ಒಂದು. ಯಾವ ಡಾಕ್ಟರ್ ಬೇಕಾದ್ರೂ ಬರೆಯೋ ಪ್ರಮಾಣ."

"ಅಜ್ಜಿ ಮೇಲೆ ಹಾಕಿದ್ದು?"

"ಒಬ್ರು ಸತ್ರಲ್ಲ ಮೇಡಂ. ನಾನೇನು ಮಾಡ್ಲಿ?"

ಜನರಿಗೆ ಹುಲ್ಲು ತಿನ್ನಿಸಿ, ಅದಕ್ಕೊಂದು ಗೆರೆ ಎಳೆದು ಗೋಡೆಗೆ ಅಂಟಿಸಿ, ಎಪ್ಪತ್ತರ ಮುದುಕಿಯನ್ನು ಜೈಲಿಗೆ ಕಳಿಸಲು ಸಹಿ ಹಾಕಿದ ಕೈ ಅದು. ಆ ಕೈಯನ್ನು ಕುಲುಕಿದ್ದೆನಲ್ಲಾ ಎಂದು ಇನ್ನೊಮ್ಮೆ ಅಂಗೈ ಒರೆಸಿಕೊಂಡೆ.

"ಎದ್ದೇಳಿ. ಠಾಣೆಗೆ ಹೋಗೋಣ. ಮೇಷ್ಟ್ರ ಸಾವಿಗೆ ನೀವೇ ಉತ್ತರ ಹೇಳ್ಬೇಕು."

ಆಗ ಅವನು ಮೊದಲ ಸಲ ನೇರವಾಗಿ ನನ್ನ ಕಣ್ಣು ನೋಡಿದ.

"ಕಲಬೆರಕೆಗೆ ಉತ್ತರ ಹೇಳ್ತೀನಿ. ಸಾವಿಗೆ ಹೇಳಲ್ಲ. ಮೂವತ್ತೊಂಬತ್ತು ಜನ ಬದುಕಿದಾರಲ್ಲ? ಅವರಿಗೂ ಅದೇ ಕೊಟ್ಟಿದ್ದು. ಮೇಷ್ಟ್ರ ಬಾಟಲಿ ನೀವೇ ಎಣಿಸಿದೀರಿ. ಶುಕ್ರವಾರ ಹದಿನಾಲ್ಕು ಕೊಟ್ವಿ. ಶನಿವಾರ ಎರಡು, ಭಾನುವಾರ ಎರಡು, ಸೋಮವಾರ ಬೆಳಿಗ್ಗೆ ಒಂದು. ಎಷ್ಟು ಉಳೀಬೇಕು?"

"ಒಂಬತ್ತು."

"ಎಷ್ಟಿತ್ತು?"

ನಾನು ಎಣಿಸಿದಾಗ ಒಂಬತ್ತೇ ಇತ್ತು.

"ಅಂದ್ರೆ ಅವ್ರು ನನ್ನ ಬಾಟಲಿಯಿಂದ ಒಂದೂ ಹೆಚ್ಚಿಗೆ ನುಂಗಿಲ್ಲ. ರಕ್ತದಲ್ಲಿ ಮೂರು ಪಟ್ಟು ಬಂದಿದ್ದು ಬೇರೆ ಎಲ್ಲಿಂದಲೋ. ಯಾರೋ ಕೈಯಾರೆ ಕೊಟ್ಟಿದಾರೆ ಮೇಡಂ. ಭಾನುವಾರ ಸಂಜೆ ಗಂಟು ಹೊತ್ಕೊಂಡು ಅವ್ರ ಮನೆಗೆ ಹೋಗಿದ್ದೋರು ಯಾರು ಅಂತ ಕೆಳಗೆ ಬೆಂಚಲ್ಲಿ ಕೂತಿರೋರನ್ನ ಕೇಳಿ. ಅವ್ರೇ ನನಗೆ ಹೇಳಿದ್ದು."

ಪಡಸಾಲೆಗೆ ಬಂದು ಸಾಹೇಬರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮೊಲದ ಮೇವಿನ ಭಾಗಕ್ಕೆ ಜೋರಾಗಿ ನಕ್ಕರು ಕೂಡ.

"ಶಹಭಾಸ್ ಕಣಮ್ಮ. ಪ್ರೊಫೆಸರ್ ಮೇಲೆ ಕಲಬೆರಕೆ ಕೇಸ್ ಹಾಕು. ಆದ್ರೆ ಅವನು ಹೇಳೋದ್ರಲ್ಲೂ ಅರ್ಥ ಇದೆ. ಕಲಬೆರಕೆ ಬೇರೆ, ಸಾವು ಬೇರೆ. ಜಾಸ್ತಿ ಕೊಟ್ಟೋರು ಯಾರು? ಆ ಮನೆಗೆ ಹೋಗಿದ್ದು ಮುದುಕಿ ಒಬ್ಬಳೇ. ವ್ಯಾನ್ ಹೊರಟಿದೆ. ಬೇರೆ ಹೆಸರಿದ್ರೆ ಐದರೊಳಗೆ ಕೊಡು. ಇಲ್ಲಾಂದ್ರೆ ಅವಳನ್ನೇ ಹತ್ತಿಸು."

ನಾಲ್ಕೂ ಕಾಲಾಗಿತ್ತು. ಅಜ್ಜಿಯ ಪಕ್ಕ ಹೋಗಿ ಕೂತೆ.

"ಭಾನುವಾರ ಮೇಷ್ಟ್ರ ಮನೆಗೆ ಯಾಕೆ ಹೋಗಿದ್ರಿ ಅಜ್ಜಿ? ಬೆಳಿಗ್ಗೆ ಹೇಳ್ಲೇ ಇಲ್ವಲ್ಲ."

"ನೀನು ಕೇಳ್ಲೇ ಇಲ್ವಲ್ಲ. ಅವರ ಕಾಲಲ್ಲಿ ಹುಣ್ಣಾಗಿತ್ತು, ಹೆಬ್ಬೆರಳು ಕಪ್ಪಾಗಿತ್ತು. ಸೊಪ್ಪು ಅರೆದು ಕಟ್ಟಿ ಅಂತ ಕರೆಸಿದ್ರು. ಡಾಕ್ಟರು ಬೆರಳು ತೆಗೀಬೇಕು ಅಂದಿದಾರೆ, ಸಕ್ಕರೆ ಪೂರ್ತಿ ಇಳಿದ್ರೆ ಉಳ್ಕೋಬಹುದು ಅಂತ ಅವರ ಆಸೆ. ನಾನು ಮೂಸಿ ನೋಡ್ದೆ. ಕೊಳೆತಿತ್ತು. ಇದು ನನ್ನ ಸೊಪ್ಪಿನ ಕೆಲಸ ಅಲ್ಲ ಸ್ವಾಮಿ, ಸುಮ್ನೆ ಬೆರಳು ಕೊಟ್ಟು ಕಾಲು ಉಳಿಸ್ಕೊಳಿ ಅಂದೆ. ಸಿಟ್ಟು ಬಂತು ಅವರಿಗೆ. ಒಂದು ಲೋಟ ನೀರು ಕುಡಿದು ಬಂದೆ, ಅಷ್ಟೇ."

"ಯಾರಾದ್ರೂ ನೋಡಿದ್ರಾ?"

"ಯಾರು ನೋಡ್ತಾರೆ? ಒಂಟಿ ಮನುಷ್ಯ. ಅವರೂ ಹೋದ್ರು." ಅವಳು ಗಂಟನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡಳು. "ನನ್ನ ಕರ್ಕೊಂಡು ಹೋಗ್ತಾರಾ ತಾಯಿ?"

"ನಾನಿದ್ದೀನಿ, ಸುಮ್ನಿರಿ," ಎಂದೆ. ಎಷ್ಟು ಸುಲಭವಾಗಿ ಬಂತು ಆ ಮಾತು.

ಮತ್ತೆ ಮಹಡಿ ಹತ್ತಿ ಗೋಡೆಯ ಹಾಳೆಗಳ ಮುಂದೆ ನಿಂತೆ. ಪ್ರೊಫೆಸರನ ಕೋಣೆಯಲ್ಲಿ ಪೇದೆ ಅವನಿಗೆ ಕಾವಲು ನಿಂತಿದ್ದ. ಇಪ್ಪತ್ನಾಲ್ಕನೇ ನಂಬರು ಮೇಷ್ಟ್ರದು. ಮೊದಲ ಐದು ವಾರ ಎಲ್ಲರಂತೆ ನಿಧಾನವಾಗಿ ಇಳಿದಿದ್ದ ಗೆರೆ ಕೊನೆಯ ಮೂರು ವಾರದಲ್ಲಿ ಬಾವಿಗೆ ಬಿದ್ದ ಹಾಗೆ ಬಿದ್ದಿತ್ತು. ಮೂರು ವಾರ. ಅಂದರೆ ಒಂದೇ ಒಂದು ಭಾನುವಾರದ ಗಂಟಿನಿಂದ ಆದದ್ದಲ್ಲ ಇದು. ಯಾರೋ ದಿನಾ ಕೊಟ್ಟಿದ್ದಾರೆ.

"ಎಲ್ಲರ ಗೆರೆಯೂ ಇಳಿದಿದೆ, ಇದೊಂದು ಯಾಕೆ ನೆಟ್ಟಗಿದೆ?" ಎಂದು ಕೇಳಿದೆ. ಪಕ್ಕದ ಹಾಳೆಯ ಗೆರೆ ಮೊದಲ ವಾರದಿಂದ ಕೊನೆಯವರೆಗೂ ಒಂದು ಕೂದಲೆಳೆಯೂ ಬಗ್ಗಿರಲಿಲ್ಲ.

"ಆ ಹೆಂಗಸು ಕದ್ದು ಸಿಹಿ ತಿಂತಾರೆ ಅಂತ ಬರ್ಕೊಂಡೆ," ಎಂದ ಪ್ರೊಫೆಸರ್ ತಲೆ ಎತ್ತದೆ. "ಇಲ್ದಿದ್ರೆ ಹಾಗಾಗೋಕೆ ಸಾಧ್ಯನೇ ಇಲ್ಲ. ಬಾಟಲಿ ಲೆಕ್ಕ ಮಾತ್ರ ಪ್ರತಿ ಶುಕ್ರವಾರ ಕರಾರುವಾಕ್ಕು. ಒಂದೂ ಉಳಿಸ್ತಿರಲಿಲ್ಲ."

ಬಾಟಲಿ ಖಾಲಿಯಾಗುತ್ತಿದೆ, ಸಕ್ಕರೆ ಇಳಿಯುತ್ತಿಲ್ಲ. ಪಕ್ಕದವರ ಬಾಟಲಿಯ ಲೆಕ್ಕ ಸರಿಯಾಗಿದೆ, ಸಕ್ಕರೆ ಮಾತ್ರ ಪಾತಾಳಕ್ಕಿಳಿದಿದೆ. ಸಣ್ಣ ಮಕ್ಕಳೂ ಬಿಡಿಸುವ ಲೆಕ್ಕ. ಹಾಳೆಯ ಮೂಲೆಯ ನಂಬರು ನೋಡಿದೆ.

ಇಪ್ಪತ್ಮೂರು.

"ನನ್ನದು ಇಪ್ಪತ್ಮೂರು ಕಣೇ, ಮೇಷ್ಟ್ರದು ಇಪ್ಪತ್ನಾಲ್ಕು, ಒಟ್ಟಿಗೇ ಹೋಗಿ ಹೆಸರು ಬರೆಸಿದ್ವಿ." ಎರಡು ತಿಂಗಳ ಹಿಂದೆ ಊಟ ಬಡಿಸುತ್ತಾ ಅಕ್ಕ ಹೇಳಿದ ಮಾತು. ನಾನು ಆಗ ಫೋನ್ ನೋಡುತ್ತಾ "ಹೂಂ" ಎಂದಿದ್ದೆ.

ಕೆಳಗೆ ಪಡಸಾಲೆಯ ಕೊನೆಗೆ ಹೋಗಿ ಕಿಟಕಿ ಪಕ್ಕ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಐದಕ್ಕೆ ಹತ್ತು ನಿಮಿಷ ಇತ್ತು. ಮೂರನೇ ಸಲಕ್ಕೆ ಎತ್ತಿದಳು.

"ಅಕ್ಕಾ, ಒಂದೇ ಮಾತು ಕೇಳ್ತೀನಿ. ಆ ಕ್ಯಾಪ್ಸೂಲ್ ನೀನು ನುಂಗ್ತಿದ್ಯಾ?"

ಅವಳು ಟಿವಿ ಆರಿಸಿದ ಸದ್ದು ಬಂತು.

"ಮೊದಮೊದಲು ನುಂಗಿದೆ ಕಣೇ. ಆಗ್ಲಿಲ್ಲ. ತೇಗಿದ್ರೆ ದನದ ಕೊಟ್ಟಿಗೆ ವಾಸನೆ. ಎರಡೇ ದಿನಕ್ಕೆ ಬಿಟ್ಟು ಚರಂಡಿಗೆ ಹಾಕ್ತಿದ್ದೆ. ಹೇಳಿದ್ರೆ ಹೆಸರು ಹೊಡೆದು ಹಾಕ್ತಾರೆ, ವಾರ ವಾರ ರಕ್ತ ನೋಡೋದು ತಪ್ಪತ್ತೆ ಅಂತ ಸುಮ್ನಿದ್ದೆ."

"ಕೊನೇ ಮೂರು ವಾರ?"

"ಯಾಕೆ ಕೇಳ್ತಿದೀಯ?"

"ಅಕ್ಕಾ."

"ಚರಂಡಿಗೆ ಹಾಕ್ತೀನಿ ಅಂತ ವಾಕಿಂಗಲ್ಲಿ ಬಾಯ್ತಪ್ಪಿ ಅಂದುಬಿಟ್ಟೆ. ಮೇಷ್ಟ್ರು ಕೈ ಹಿಡ್ಕೊಂಡುಬಿಟ್ರು ಕಣೇ. ಒಂದರಿಂದ ನನಗೆ ಇಷ್ಟು ಇಳಿದಿದೆ, ನಿಮ್ಮದೂ ಕೊಟ್ರೆ ಬೆರಳು ಉಳ್ಕೊಳತ್ತೆ, ಬರೀ ಎಲೆ ತಾನೇ, ಏನಾಗತ್ತೆ ಅಂದ್ರು. ದಿನಾ ಬೆಳಿಗ್ಗೆ ಎರಡು ಕೊಡ್ತಿದ್ದೆ. ಸೋಮವಾರ ಅವರು ತಿಂಡಿನೂ ತಿಂದಿರ್ಲಿಲ್ಲ. ನನ್ನೆದುರಿಗೇ ಎರಡನ್ನೂ ಬಾಯಿಗೆ ಹಾಕ್ಕೊಂಡು ಪಾರ್ಕಿನ ನಲ್ಲಿ ನೀರು ಕುಡಿದ್ರು." ಅವಳ ದನಿ ಒಡೆಯಿತು. "ಎಲೆ ಅಲ್ವೇನೇ ಅದು? ಬೆಳಿಗ್ಗೆ ನೀನು ಫೋನ್ ಮಾಡ್ದಾಗಿನಿಂದ ಯೋಚಿಸ್ತಾನೇ ಇದ್ದೀನಿ. ನಾನೇ ಕೊಂದೆನಾ?"

"ಇಲ್ಲ" ಎನ್ನಬೇಕಿತ್ತು. ಅಪರಾಧ ಪ್ರೊಫೆಸರನದು, ಅದು ನನಗೆ ಗೊತ್ತು. ಆದರೆ ಹೆಚ್ಚಿಗೆ ಕೊಟ್ಟ ಕೈ ಯಾವುದು ಎಂದು ಸಾಹೇಬರು ಕೇಳಿದ್ದಾರೆ. ಆ ಕೈ ನನಗೆ ಚಿಕ್ಕಂದಿನಲ್ಲಿ ತಲೆ ಬಾಚಿದ ಕೈ. ಹೆಸರು ಕೊಟ್ಟರೆ 'ಇಲ್ಲ' ಎಂದು ಬರೆದ ನನ್ನ ಕಾಲಂ ಹೊರಬರುತ್ತದೆ, ನನ್ನ ಕೆಲಸ ಹೋಗುತ್ತದೆ, ಅಕ್ಕ ಕಟಕಟೆ ಹತ್ತುತ್ತಾಳೆ. ಕೊಡದಿದ್ದರೆ ಅಜ್ಜಿ ವ್ಯಾನ್ ಹತ್ತುತ್ತಾಳೆ. ಇದನ್ನೆಲ್ಲ ನಾನು ಎಷ್ಟು ಬೇಗ ತೂಗಿ ನೋಡಿದೆ ಎಂದರೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕಪ್ಪು ಲೋಳೆಯ ಚೀಲ ಬಿಚ್ಚಿದಾಗಲೂ ಇಷ್ಟು ಆಗಿರಲಿಲ್ಲ.

"ಪುಟ್ಟಿ, ಕೇಳಿಸ್ತಿದ್ಯಾ? ಪೇದೆ ಬಂದು ಬಾಟ್ಲಿ ಎಣಿಸ್ತಾನೆ ಅಂದಿದ್ಯಲ್ಲ. ನಿನ್ನೆವರೆಗೆ ನುಂಗಿದ್ರೆ ನಾಲ್ಕು ಉಳೀಬೇಕಿತ್ತು. ಎಂಟಿದೆ. ಮೇಷ್ಟ್ರು ಹೋದ ಮೇಲೆ ಯಾರಿಗೆ ಕೊಡ್ಲಿ?"

ಎಂಟು. ಅಕ್ಕ ನುಂಗುತ್ತಿರಲಿಲ್ಲ ಎಂಬುದಕ್ಕೆ ಈ ಲೋಕದಲ್ಲಿ ಉಳಿದಿರುವ ಒಂದೇ ಸಾಕ್ಷಿ, ಆ ನಾಲ್ಕು ಹೆಚ್ಚಿನ ಕ್ಯಾಪ್ಸೂಲ್. ಅಜ್ಜಿಯನ್ನು ಬಿಡಿಸಬಲ್ಲದ್ದೂ ಅದೇ.

ಹೊರಗೆ ವ್ಯಾನ್ ಬಂದು ನಿಂತಿತು. ಬಾಗಿಲು ಬಡಿದ ಸದ್ದು. ಬೆಂಚಿನಿಂದ ಅಜ್ಜಿ ಎದ್ದಳು, ಗಂಟು ಕಂಕುಳಿಗೆ ಸೇರಿಸಿಕೊಂಡಳು, ನನ್ನ ಕಡೆ ನೋಡಿದಳು. ಕರೆದರೆ ಬರುತ್ತೇನೆ, ಕಳಿಸಿದರೆ ಹೋಗುತ್ತೇನೆ ಎಂಬ ಹಾಗಿತ್ತು ಆ ನೋಟ.

ಫೋನಿನಲ್ಲಿ ಅಕ್ಕನ ಮನೆಯ ಕರೆಗಂಟೆ ಕೇಳಿಸಿತು. ಹಿಂದೆಯೇ ನಲ್ಲಿ ತಿರುಗಿಸಿದ ಸದ್ದು, ತೊಟ್ಟಿಗೆ ನೀರು ಸುರಿಯುವ ಸದ್ದು.

"ಬಂದ ಅನ್ಸತ್ತೆ ಕಣೇ," ಎಂದು ಅಕ್ಕ ಪಿಸುಗುಟ್ಟಿದಳು. "ನಾಲ್ಕು ಕೈಯಲ್ಲಿ ಹಿಡ್ಕೊಂಡು ನಿಂತಿದ್ದೀನಿ. ಹಾಕಿಬಿಡ್ಲಾ, ಬೇಡ್ವಾ? ಬೇಗ ಹೇಳೇ."